ಓಟಕ್ಕೂ ಸೈ, ಕ್ಯಾಂಪಿಂಗಿಗೂ ಸೈ: ಇಬ್ಬರ ಟೆಂಟ್ ಎಷ್ಟು ಹಗುರ ಇರಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನು ಮಂಡ್ಯದವನು, ಕೆಲಸ ಮೈಸೂರಲ್ಲಿ. ನಮ್ಮ ದೊಡ್ಡಮ್ಮನ ಮಗ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ. ಬರುವ ಅಕ್ಟೋಬರ್‌ನಲ್ಲಿ ನಾವಿಬ್ಬರೂ ಜೋಡಿಯಾಗಿ ಅಲ್ಲಿನ ಒಎಂಎಂ ಬೆಟ್ಟದ ಓಟಕ್ಕೆ ಹೆಸರು ಕೊಡೋಣ ಅಂತಿದ್ದೇವೆ. ಎರಡು ದಿನದ ಓಟ, ಟೆಂಟ್ ನಾವೇ ಹೊರಬೇಕು. ಅದೇ ಟೆಂಟ್ ಆಮೇಲೆ ಇಲ್ಲಿ ನನಗೂ ನನ್ನ ಹೆಂಡತಿಗೂ ಕ್ಯಾಂಪಿಂಗಿಗೆ ಆಗಬೇಕು. ಅಣ್ಣ ಒಂದು ಕೆ.ಜಿ. ಒಳಗಿನದ್ದೇ ಬೇಕು ಅಂತ ಹಟ ಹಿಡಿದಿದ್ದಾನೆ. ನಾನು 5 ಅಡಿ 11 ಇಂಚು ಇದ್ದೀನಿ. ಒಂದೇ ಟೆಂಟ್ ಎರಡಕ್ಕೂ ಆಗುತ್ತಾ? ಯಾವುದು ತಗೊಳ್ಳಲಿ? ಮಳೆ ಬಂದರೆ ಒಳಗೇ ಅಡುಗೆ ಮಾಡಬಹುದಾ?

ಉತ್ತರ: ಒಂದೇ ಟೆಂಟ್ ಆಗುತ್ತೆ, ಆದರೆ ಒಂದು ಕೆ.ಜಿ. ಒಳಗಿನದ್ದು ಬೇಡ. ಗೂಟ, ಹಗ್ಗ, ಚೀಲ ಎಲ್ಲ ಸೇರಿ 1.3ರಿಂದ 1.6 ಕೆ.ಜಿ. ತೂಗುವ, ಎರಡು ಪದರದ (ಒಳಗೊಂದು ಟೆಂಟ್, ಅದರ ಮೇಲೆ ಮಳೆ ತಡೆಯುವ ಹೊದಿಕೆ), ತನ್ನದೇ ಅಲ್ಯೂಮಿನಿಯಂ ಕಡ್ಡಿಗಳಿರುವ ಟೆಂಟ್ ತಗೊಳ್ಳಿ. ನಿಮ್ಮಣ್ಣನಿಗೆ ಇದು ಒಪ್ಪಿಗೆ ಆಗಲಿಕ್ಕಿಲ್ಲ, ಅದಕ್ಕೇ ಕಾರಣಗಳನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಅವರಿಗೂ ಓದಿಸಿ.

ಮೊದಲು ಆ ಒಂದು ರಾತ್ರಿಯ ವಿಷಯ. ಒಎಂಎಂ ಅಂದರೆ ಒರಿಜಿನಲ್ ಮೌಂಟನ್ ಮ್ಯಾರಥಾನ್. 1968ರಲ್ಲಿ ಶುರುವಾದ ಓಟ, ಬಹಳ ಕಾಲ ಕರಿಮೋರ್ ಕಂಪನಿಯ ಹೆಸರಿನಲ್ಲಿ ನಡೆಯಿತು. ಇಬ್ಬಿಬ್ಬರ ತಂಡ, ನಕ್ಷೆ ಮತ್ತು ದಿಕ್ಸೂಚಿ ಹಿಡಿದು ದಾರಿ ನೀವೇ ಹುಡುಕಬೇಕು, ಊಟ ಹಾಸಿಗೆ ಟೆಂಟ್ ಎಲ್ಲ ಬೆನ್ನ ಮೇಲೆ. ನಡೆಯೋದು ಸಾಮಾನ್ಯವಾಗಿ ಅಕ್ಟೋಬರ್ ಕೊನೆಯ ವಾರಾಂತ್ಯದಲ್ಲಿ. ಬ್ರಿಟನ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವುದೂ ಅಕ್ಟೋಬರ್‌ನ ಕೊನೆಯ ಭಾನುವಾರವೇ. ಅಂದರೆ ಶನಿವಾರ ಸಂಜೆ ಆರರ ಹೊತ್ತಿಗೆ ಕತ್ತಲು, ಭಾನುವಾರ ಬೆಳಿಗ್ಗೆ ಏಳರ ಹೊತ್ತಿಗೆ ಬೆಳಕು, ನಡುವೆ ಒಂದು ಗಂಟೆ ಹೆಚ್ಚುವರಿ: ಒಟ್ಟು ಹದಿನಾಲ್ಕು ಗಂಟೆ. ಅಷ್ಟು ಹೊತ್ತು ನೀವಿಬ್ಬರೂ ಒದ್ದೆ ಬಟ್ಟೆ, ಕೆಸರು ಶೂ, ಸ್ಟೌ, ಊಟದ ಪೊಟ್ಟಣಗಳ ಜೊತೆ ಆ ಟೆಂಟಲ್ಲೇ ಇರುತ್ತೀರಿ. ಹೊರಗೆ ಚಳಿ, ಗಾಳಿ, ಬಹಳ ಸಲ ಮಳೆ. 2008ರಲ್ಲಿ ಲೇಕ್ ಡಿಸ್ಟ್ರಿಕ್ಟ್‌ನ ಬಾರೊಡೇಲ್‌ನಲ್ಲಿ ನಡೆದಾಗ ಮಳೆಗಾಳಿಗೆ ಹೊಳೆಗಳು ಉಕ್ಕಿ, ಮೊದಲ ದಿನವೇ ಓಟ ನಿಲ್ಲಿಸಬೇಕಾಯಿತು. ನೂರಾರು ಜನ ಬೆಟ್ಟದಲ್ಲೇ ಟೆಂಟ್ ಹಾಕಿಕೊಂಡೋ ಹೋನಿಸ್ಟರ್‌ನ ಸ್ಲೇಟ್ ಗಣಿಯಲ್ಲಿ ಆಸರೆ ಪಡೆದೋ ರಾತ್ರಿ ಕಳೆದರು. ಪ್ರತಿ ವರ್ಷ ಹಾಗಾಗಲ್ಲ. ಆದರೆ ನೀವು ಟೆಂಟ್ ಆರಿಸಬೇಕಾದದ್ದು ಅಂಥ ರಾತ್ರಿಯನ್ನು ಮನಸ್ಸಲ್ಲಿಟ್ಟುಕೊಂಡೇ.

ಈಗ ತೂಕದ ಲೆಕ್ಕ. 1 ಕೆ.ಜಿ. ಟೆಂಟಿಗೂ 1.5 ಕೆ.ಜಿ. ಟೆಂಟಿಗೂ ಅರ್ಧ ಕೆ.ಜಿ. ವ್ಯತ್ಯಾಸ. ಒಬ್ಬರು ಟೆಂಟಿನ ಬಟ್ಟೆ, ಇನ್ನೊಬ್ಬರು ಕಡ್ಡಿ, ಗೂಟ ಮತ್ತು ಸ್ಟೌ ಅಂತ ಹಂಚಿಕೊಂಡರೆ ತಲೆಗೆ ಕಾಲು ಕೆ.ಜಿ., ಒಂದು ದೊಡ್ಡ ಲೋಟ ನೀರಿನಷ್ಟು. ಮೊದಲ ಹತ್ತು ಜಾಗದಲ್ಲಿ ಬರಬೇಕು ಅನ್ನುವವರಿಗೆ ಅದೂ ದೊಡ್ಡದೇ, ಅವರು ಟೂತ್‌ಬ್ರಷ್ ಹಿಡಿಯನ್ನೂ ಕತ್ತರಿಸುತ್ತಾರೆ. ನಿಮ್ಮದು ಮೊದಲ ಸಲ. ರಾತ್ರಿ ಒಣಗಿದ ಜಾಗದಲ್ಲಿ ಕಾಲು ಚಾಚಿ ಮಲಗಿದರೆ ಎರಡನೇ ದಿನ ಸಿಗುವ ಲಾಭ ಆ ಕಾಲು ಕೆ.ಜಿ.ಗಿಂತ ಎಷ್ಟೋ ಜಾಸ್ತಿ.

ಇನ್ನೊಂದು ವಿಷಯ, ಡಬ್ಬದ ಮೇಲಿನ ತೂಕ ನಂಬಬೇಡಿ. ಕಂಪನಿಗಳು ಎರಡು ತೂಕ ಹೇಳುತ್ತವೆ. ಒಂದು ಟ್ರೇಲ್ ವೇಟ್: ಒಳಟೆಂಟು, ಮೇಲುಹೊದಿಕೆ, ಕಡ್ಡಿ ಮಾತ್ರ. ಇನ್ನೊಂದು ಪ್ಯಾಕ್ಡ್ ವೇಟ್: ಗೂಟ, ಹಗ್ಗ, ಚೀಲ ಎಲ್ಲ ಸೇರಿ. ದೊಡ್ಡ ಅಕ್ಷರದಲ್ಲಿ ಬರೆಯೋದು ಮೊದಲನೆಯದನ್ನೇ. ನೀವು ಹೊರೋದು ಎರಡನೆಯದನ್ನ, ಅಲ್ವಾ? ಎರಡರ ನಡುವೆ ಸುಲಭವಾಗಿ 200 ಗ್ರಾಂ ವ್ಯತ್ಯಾಸ ಬರುತ್ತೆ. ತಗೊಂಡ ಮೇಲೆ ಅಡುಗೆಮನೆ ತಕ್ಕಡಿಯಲ್ಲಿ ನೀವೇ ಒಮ್ಮೆ ತೂಗಿ ನೋಡಿ.

ಜಾಗದ ಬಗ್ಗೆ ಎಲ್ಲಕ್ಕಿಂತ ಜಾಸ್ತಿ ಹೇಳಬೇಕು, ಯಾಕೆಂದರೆ ಜನ ಇಲ್ಲೇ ಎಡವೋದು. "ಇಬ್ಬರ ಟೆಂಟ್" ಅಂದರೆ ಎರಡು ಮ್ಯಾಟ್ ಅಂಟಿಸಿ ಹಾಸುವಷ್ಟು ಜಾಗ, ಅಷ್ಟೇ. ಸಾಮಾನ್ಯ ಮ್ಯಾಟ್ 51 ಸೆಂ.ಮೀ. ಅಗಲ, 183 ಸೆಂ.ಮೀ. ಉದ್ದ. ಎರಡು ಸೇರಿ 102 ಆಯಿತು. ಅಗಲದ ಮ್ಯಾಟ್ ತಗೊಂಡರೆ ಒಂದೊಂದೂ 63ರ ಹತ್ತಿರ, ಎರಡು ಸೇರಿ 126. ಈಗ ಹಗುರದ ಟೆಂಟುಗಳ ಆಕಾರ ನೋಡಿ. ತೂಕ ಉಳಿಸೋಕೆ ತಲೆ ಕಡೆ ಅಗಲ, ಕಾಲ ಕಡೆ ಕಿರಿದು ಮಾಡುತ್ತಾರೆ. ತಲೆ ಕಡೆ 132, ಕಾಲ ಕಡೆ 107 ಇರುವ ಟೆಂಟಲ್ಲಿ ಎರಡು ಅಗಲದ ಮ್ಯಾಟ್ ಕೂರೋದೇ ಇಲ್ಲ, ಕಾಲ ಕಡೆ ಒಂದರ ಮೇಲೊಂದು ಏರುತ್ತೆ.

ಇದನ್ನು ತಿಳಿಯೋಕೆ ಅಂಗಡಿಗೂ ಹೋಗಬೇಕಿಲ್ಲ. ಒಂದು ಸೀಮೆಸುಣ್ಣ, ಒಂದು ಅಳತೆ ಟೇಪ್ ತಗೊಳ್ಳಿ. ನೀವು ನೋಡಿಟ್ಟ ಟೆಂಟಿನ ತಳದ ಅಳತೆಯನ್ನು ಹಾಲ್‌ನಲ್ಲಿ ನೆಲದ ಮೇಲೆ ಹಾಗೇ ಎಳೆಯಿರಿ, ಕಾಲ ಕಡೆ ಕಿರಿದಾಗೋದನ್ನೂ ಸೇರಿಸಿ. ನೀವೂ ಮನೆಯವರೂ ಆ ಗೆರೆಯೊಳಗೆ ಮಲಗಿ, ಇಬ್ಬರೂ ಒಮ್ಮೆ ಮಗ್ಗುಲು ಬದಲಿಸಿ. ಬೆನ್ನಿನ ಬ್ಯಾಗ್ ಎಲ್ಲಿಡುತ್ತೀರಿ ನೋಡಿ. ಹೀಗೆ ಹತ್ತು ನಿಮಿಷ ಮಲಗಿದವರು ಯಾವ ಟೆಂಟ್ ಬೇಡ ಅನ್ನೋದನ್ನು ತಾವೇ ಹೇಳುತ್ತಾರೆ.

ಗೆರೆ ಎಳೆದಾಗ ಒಂದು ಮಾತ್ರ ಗೊತ್ತಾಗಲ್ಲ: ಗೋಡೆ ಎಷ್ಟು ಓರೆ ಇದೆ ಅನ್ನೋದು. ಓಟಕ್ಕೆಂದೇ ಮಾಡಿದ ಟೆಂಟುಗಳಲ್ಲಿ ಬಹಳಷ್ಟಕ್ಕೆ ನಡುವೆ ಒಂದೇ ಕಮಾನು, ಎರಡೂ ತುದಿ ಇಳಿಜಾರು. ತಳ 215 ಸೆಂ.ಮೀ. ಇದ್ದರೂ ತುದಿಯಲ್ಲಿ ಬಟ್ಟೆ ಮುಖದ ಮೇಲೇ ಬರುತ್ತೆ. 5 ಅಡಿ 11 ಇಂಚು ಅಂದರೆ 180 ಸೆಂ.ಮೀ. ಸ್ಲೀಪಿಂಗ್ ಬ್ಯಾಗ್ ಒಳಗೆ ಕಾಲು ಚಾಚಿದರೆ ಇನ್ನೊಂದು ಹತ್ತು, ಹದಿನೈದು ಸೇರಿಸಿ. ಆ ಓರೆ ಬಟ್ಟೆಗೆ ಬ್ಯಾಗಿನ ತುದಿ ತಾಗಿದರೆ ಬೆಳಗಾಗೋದರೊಳಗೆ ಪಾದದ ಹತ್ತಿರ ಒದ್ದೆ. ನಿಮಗೆ 220 ಸೆಂ.ಮೀ. ಉದ್ದ, ತಲೆ ಕಡೆ ಕನಿಷ್ಠ 130 ಅಗಲ, ಕೂತಾಗ ತಲೆ ತಾಗದಂತೆ ನಡುವಲ್ಲಿ 1 ಮೀಟರ್ ಎತ್ತರ ಬೇಕು. ಇದಕ್ಕಿಂತ ಕಮ್ಮಿಗೆ ಇಳಿಯಬೇಡಿ. ಎರಡು ಬಾಗಿಲಿದ್ದರೆ ಇನ್ನೂ ಒಳ್ಳೆಯದು. ನಡುರಾತ್ರಿ ಒಬ್ಬರನ್ನೊಬ್ಬರು ದಾಟಿಕೊಂಡು ಹೋಗೋದು ತಪ್ಪುತ್ತೆ, ಮತ್ತೆ ಒದ್ದೆ ಶೂ ಇಡೋಕೆ ಒಬ್ಬೊಬ್ಬರಿಗೂ ಒಂದೊಂದು ಜಗುಲಿ, ಅಂದರೆ ಒಳಬಾಗಿಲ ಹೊರಗೆ ಮೇಲುಹೊದಿಕೆಯ ಕೆಳಗಿನ ಜಾಗ, ಸಿಗುತ್ತೆ.

ಒಂದೇ ಪದರ ಸಾಕಾ ಅಂತ ನಿಮ್ಮಣ್ಣ ಕೇಳೇ ಕೇಳುತ್ತಾರೆ, ಒಂದು ಕೆ.ಜಿ. ಒಳಗೆ ಬರಬೇಕಾದರೆ ಬಹಳ ಸಲ ಅದೇ ದಾರಿ. ಇಬ್ಬರು ಒಂದು ರಾತ್ರಿ ಉಸಿರಾಡಿ, ಮೈಯಿಂದ ಆವಿಯಾಗಿ ಹೋಗುವ ನೀರು ಹೆಚ್ಚು ಕಡಿಮೆ ಅರ್ಧ ಲೀಟರ್. ಹೊರಗೆ ಚಳಿ ಇದ್ದಾಗ ಅದು ಟೆಂಟಿನ ಬಟ್ಟೆಯ ಒಳಮೈಗೆ ಹನಿಯಾಗಿ ಕಟ್ಟುತ್ತೆ. ಎರಡು ಪದರ ಇದ್ದರೆ ಹನಿ ಹೊರಪದರಕ್ಕೆ ಕಟ್ಟಿ ಅದರ ಮೇಲೇ ಜಾರಿ ಇಳಿಯುತ್ತೆ, ನೀವು ಒಳಗೆ ಒಣಗಿರುತ್ತೀರಿ. ಒಂದೇ ಪದರ ಇದ್ದರೆ ಮಗ್ಗುಲಾದಾಗಲೆಲ್ಲ ಆ ನೀರು ಮೈಗೆ, ಹಾಸಿಗೆಗೆ. ಹಿನ್ನೀರಿನ ದಂಡೆಯಲ್ಲಿ ಡಿಸೆಂಬರ್‌ನಲ್ಲಿ ಟೆಂಟ್ ಹಾಕಿದವರಿಗೆ ಇದು ಚೆನ್ನಾಗಿ ಗೊತ್ತು. ಕೆಆರ್‌ಎಸ್ ಕಡೆ ಮಳೆಯೇ ಬರದ ರಾತ್ರಿಯೂ ಬೆಳಿಗ್ಗೆ ಟೆಂಟ್ ಒಳಗೆ ಕೈ ಆಡಿಸಿದರೆ ಅಂಗೈ ಒದ್ದೆಯಾಗುತ್ತೆ, ಜನ ಟೆಂಟ್ ಸೋರುತ್ತೆ ಅಂತ ಅಂಗಡಿಗೆ ವಾಪಸ್ ತರುತ್ತಾರೆ. ಅದು ಸೋರಿದ್ದಲ್ಲ, ಅವರದೇ ಉಸಿರು. ಕಿಟಕಿ ತೆರೆದಿಡಿ, ನೀರಿನಿಂದ ಸ್ವಲ್ಪ ದೂರ, ಸ್ವಲ್ಪ ಎತ್ತರದಲ್ಲಿ ಹಾಕಿ. ಅರ್ಧ ಸಮಸ್ಯೆ ಅಲ್ಲೇ ಹೋಗುತ್ತೆ.

ತಳವೇ ಇಲ್ಲದ, ಮೇಲೊಂದು ಹಾಳೆ ಮಾತ್ರ ಇರುವ ಬಗೆಯೂ ಇದೆ. ನಮ್ಮ ಕಡೆ ಅದನ್ನು ಯೋಚಿಸಲೇಬೇಡಿ. ಮಳೆಗಾಲದಲ್ಲಿ ಕೊಡಗಿನ ಕಡೆ ಹೋದರೆ ಜಿಗಣೆ, ಬೇಸಿಗೆಯಲ್ಲಿ ಚೇಳು, ಹಾವು. ಒಳಟೆಂಟಿಗೆ ತಳ ಹೊಲಿದಿರಬೇಕು, ಜಿಪ್ ಪೂರ್ತಿ ಮುಚ್ಚಬೇಕು.

ಒಂದು ಕಡೆ ಮಾತ್ರ ಇಂಗ್ಲೆಂಡೂ ಮಂಡ್ಯವೂ ಎದುರುಬದುರಾಗುತ್ತವೆ. ಅಲ್ಲಿನ ಅಕ್ಟೋಬರ್‌ಗೆ ಒಳಟೆಂಟ್ ಗಟ್ಟಿ ಬಟ್ಟೆಯದ್ದಿರಬೇಕು, ಗಾಳಿ ನುಗ್ಗಬಾರದು. ನಮ್ಮ ಏಪ್ರಿಲ್‌ಗೆ ಪೂರ್ತಿ ಸೊಳ್ಳೆಪರದೆಯಂಥ ಜಾಲರಿ ಬೇಕು, ಇಲ್ಲದಿದ್ದರೆ ಸೆಕೆಗೆ ನಿದ್ದೆ ಬರಲ್ಲ. ಕೆಳಗರ್ಧ ಬಟ್ಟೆ, ಮೇಲರ್ಧ ಜಾಲರಿ ಇರುವ ಒಳಟೆಂಟುಗಳು ಸಿಗುತ್ತವೆ, ನಿಮಗೆ ಅದೇ ಸರಿ. ಮಲಗಿದಾಗ ಗಾಳಿ ತಲೆಯ ಮೇಲಿಂದ ಹಾದುಹೋಗುತ್ತೆ. ಮೇಲುಹೊದಿಕೆಯ ಅಂಚು ನೆಲಕ್ಕೆ ಹತ್ತಿರ ಬರುತ್ತಾ ಅಂತಲೂ ನೋಡಿ. ಅಂಗೈ ಅಗಲಕ್ಕಿಂತ ಜಾಸ್ತಿ ಸಂದು ಬಿಡುವ ಟೆಂಟ್ ಅಲ್ಲಿನ ಗಾಳಿಮಳೆಗೆ ಆಗಲ್ಲ.

ಹಾಕುವ ಕ್ರಮವೂ ಮುಖ್ಯ. ಬ್ರಿಟನ್‌ನ ಟೆಂಟುಗಳಲ್ಲಿ ಬಹಳಷ್ಟು ಹೊರಪದರ ಮೊದಲು, ಅಥವಾ ಎರಡೂ ಒಟ್ಟಿಗೆ ನಿಲ್ಲುತ್ತವೆ. ಮಳೆಯಲ್ಲಿ ಹಾಕಿದರೂ ಒಳಗೆ ಒಣಗಿರುತ್ತೆ. ಅಮೆರಿಕದ ಟೆಂಟುಗಳಲ್ಲಿ ಸಾಮಾನ್ಯವಾಗಿ ಒಳಟೆಂಟ್ ಮೊದಲು, ಆಮೇಲೆ ಮೇಲುಹೊದಿಕೆ. ಆ ಎರಡು ಮೂರು ನಿಮಿಷದಲ್ಲಿ ಜೋರು ಮಳೆ ಬಂದರೆ ತಳದಲ್ಲಿ ನೀರು ನಿಲ್ಲುತ್ತೆ. ಅಂಥದ್ದನ್ನು ತಗೊಂಡರೆ ಮೇಲುಹೊದಿಕೆಯನ್ನು ಇಬ್ಬರೂ ಎಳೆದು ಹಿಡಿದು, ಅದರ ಕೆಳಗೆ ಒಳಟೆಂಟ್ ಕಟ್ಟೋದನ್ನು ಮನೆ ತಾರಸಿ ಮೇಲೆ ಅಭ್ಯಾಸ ಮಾಡಬೇಕು.

ಬಟ್ಟೆಯ ವಿಷಯದಲ್ಲಿ ಎರಡು ಸಂಖ್ಯೆ ನೋಡಿದರೆ ಸಾಕು. ಡೀನಿಯರ್ ಅಂದರೆ 9,000 ಮೀಟರ್ ನೂಲಿನ ತೂಕ ಗ್ರಾಂನಲ್ಲಿ. ಸಂಖ್ಯೆ ಕಮ್ಮಿ ಆದಷ್ಟೂ ನೂಲು ಸಣ್ಣ, ಬಟ್ಟೆ ಹಗುರ ಮತ್ತು ನಾಜೂಕು. 7, 10 ಡೀನಿಯರ್ ಹುಲ್ಲುಗಾವಲಿಗೆ ಸರಿ. ನಮ್ಮ ಕಡೆಯ ಜಾಲಿಮುಳ್ಳು, ಕೊರಕಲು ಬಂಡೆಗೆ 20 ಡೀನಿಯರ್ ಬೇಕು, ತಳ ಇನ್ನೂ ದಪ್ಪ ಇದ್ದರೆ ಬೇಡ ಅನ್ನಬೇಡಿ. ಇನ್ನೊಂದು ಸಂಖ್ಯೆ ನೀರಿನ ಒತ್ತಡ ತಡೆಯುವ ಅಳತೆ, ಮಿಲಿಮೀಟರ್‌ನಲ್ಲಿರುತ್ತೆ. ಮೇಲುಹೊದಿಕೆಗೆ 1,500ರಿಂದ 2,000, ತಳಕ್ಕೆ 3,000 ಇದ್ದರೆ ಸಾಕು. ತಳಕ್ಕೆ ಯಾಕೆ ಜಾಸ್ತಿ ಅಂದರೆ ನೀವು ಮೊಣಕಾಲೂರಿದಾಗ ನಿಮ್ಮ ಭಾರ ಪೂರ್ತಿ ಒಂದು ಅಂಗೈ ಜಾಗದ ಮೇಲೆ ಬೀಳುತ್ತೆ, ಕೆಳಗಿನ ಕೆಸರು ನೀರು ಅಲ್ಲೇ ಒಳಗೆ ಬರೋದು.

ನೈಲಾನ್ ಗಟ್ಟಿ, ಆದರೆ ಒದ್ದೆಯಾದರೆ ಹಿಗ್ಗುತ್ತೆ. ಸಂಜೆ ಬಿಗಿಯಾಗಿ ಕಟ್ಟಿದ್ದು ರಾತ್ರಿ ಸಡಿಲವಾಗಿ ಗಾಳಿಗೆ ಪಟಪಟ ಹೊಡೆದುಕೊಳ್ಳೋದು ಇದಕ್ಕೇ. ಮಲಗುವ ಮುಂಚೆ ಒಮ್ಮೆ ಹೊರಗೆ ಹೋಗಿ ಹಗ್ಗಗಳನ್ನು ಮತ್ತೆ ಎಳೆದು ಬನ್ನಿ. ಪಾಲಿಯೆಸ್ಟರ್ ಅಷ್ಟು ಹಿಗ್ಗಲ್ಲ, ಬಿಸಿಲಿಗೂ ಜಾಸ್ತಿ ಬಾಳುತ್ತೆ. ಇಲ್ಲಿನ ಬಿಸಿಲಲ್ಲಿ ಬಹಳ ದಿನ ಬಳಸೋರಿಗೆ ನಾನು ಪಾಲಿಯೆಸ್ಟರ್ ಅನ್ನೇ ಹೇಳುತ್ತೇನೆ.

ಎರಡೂ ಕಡೆ ಸಿಲಿಕೋನ್ ಹಚ್ಚಿದ ನೈಲಾನ್ ತಗೊಂಡರೆ ಅದರ ಹೊಲಿಗೆಗೆ ಸಾಮಾನ್ಯ ಟೇಪ್ ಅಂಟಲ್ಲ, ಕಾರ್ಖಾನೆಯಲ್ಲಿ ಬಹಳ ಸಲ ಹಾಗೇ ಬಿಟ್ಟಿರುತ್ತಾರೆ. ನೀವೇ ಮುಚ್ಚಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಬಣ್ಣವಿಲ್ಲದ ಶುದ್ಧ ಸಿಲಿಕೋನ್ ಸೀಲೆಂಟ್ ಟ್ಯೂಬ್ ಸಿಗುತ್ತೆ, ಪೇಂಟ್ ತೆಳು ಮಾಡುವ ಮಿನರಲ್ ಟರ್ಪೆಂಟೈನ್ ಕೂಡ. ಹಳೆ ಡಬ್ಬಿಯೊಂದರಲ್ಲಿ ಎರಡನ್ನೂ ಬೆರೆಸಿ ಜೇನುತುಪ್ಪದ ಹದಕ್ಕೆ ತನ್ನಿ. ಟೆಂಟನ್ನು ತಾರಸಿಯಲ್ಲಿ ಬಿಗಿಯಾಗಿ ನಿಲ್ಲಿಸಿ, ಸಣ್ಣ ಬ್ರಷ್‌ನಿಂದ ಹೊರಗಿನಿಂದ ಒಂದೊಂದೇ ಹೊಲಿಗೆಗೆ ತೆಳುವಾಗಿ ಹಚ್ಚಿ. ಹಗ್ಗ ಕಟ್ಟುವ ಕಿವಿಗಳ ಬುಡದಲ್ಲಿ ಬ್ರಷ್ ತುದಿ ಒತ್ತಿ ಒಳಗೆ ಇಳಿಸಿ, ಸೋರೋದು ಅಲ್ಲಿಂದಲೇ ಜಾಸ್ತಿ. ಒಂದು ಹಗಲು, ಒಂದು ರಾತ್ರಿ ಒಣಗಲಿ. ಆಮೇಲೆ ಪೈಪ್ ಹಿಡಿದು ಚೆನ್ನಾಗಿ ನೀರು ಬಿಡಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂತಿರಲಿ.

ಕಡ್ಡಿ ಬಗ್ಗೆ ಚಿಕ್ಕದಾಗಿ. ಫೈಬರ್‌ಗ್ಲಾಸ್ ಕಡ್ಡಿ ಭಾರ, ಸೀಳಿದರೆ ಸಿಬಿರು ಕೈಗೆ ಚುಚ್ಚುತ್ತೆ, ಬೇಡ. ಅಲ್ಯೂಮಿನಿಯಂ ಬಾಗುತ್ತೆ, ಜೊತೆಗೆ ಕೊಡುವ ಸಣ್ಣ ಕೊಳವೆಯನ್ನು ಮೇಲೆ ತೂರಿಸಿ ಟೇಪ್ ಸುತ್ತಿದರೆ ರಾತ್ರಿ ಕಳೆಯುತ್ತೆ. ಊರುಗೋಲು ಬಳಸಿ ನಿಲ್ಲಿಸುವ ಟೆಂಟುಗಳು ತೂಕದಲ್ಲಿ ಎಲ್ಲವನ್ನೂ ಸೋಲಿಸುತ್ತವೆ. ಆದರೆ ಓಟಗಾರರ ಮಡಚುವ ಕೋಲುಗಳು ಬಹಳಷ್ಟು ಒಂದೇ ಉದ್ದದವು, ಟೆಂಟ್ ಕೇಳುವ ಎತ್ತರಕ್ಕೆ ಹೊಂದಲ್ಲ. ಓಡುವಾಗ ಒಂದು ಕೋಲು ಮುರಿದರೆ ಮನೆಯೂ ಹೋಯಿತು. ಮತ್ತೆ ಅವೆಲ್ಲ ಗೂಟದ ಬಲದ ಮೇಲೇ ನಿಲ್ಲುವಂಥವು, ಕುಂತಿಬೆಟ್ಟದ ಕಡೆಯ ಬಂಡೆ ಮೇಲೆ ಗೂಟ ಎಲ್ಲಿ ಹೊಡೆಯುತ್ತೀರಿ?

ಗೂಟ ಅಂದಾಗ ನೆನಪಾಯಿತು. ಹಗುರದ ಟೆಂಟಿನ ಜೊತೆ ಕೊಡುವ ಕಡ್ಡಿಯಂಥ ಟೈಟಾನಿಯಂ ಗೂಟಗಳು ಬ್ರಿಟನ್‌ನ ಬೆಟ್ಟದ ಜೌಗು ನೆಲದಲ್ಲಿ ಹಿಡಿತ ಕೊಡಲ್ಲ, ಬೆಣ್ಣೆಯಿಂದ ಎಳೆದ ಹಾಗೆ ಕಿತ್ತು ಬರುತ್ತವೆ. ಮೂರು ಏಣಿನ ಅಲ್ಯೂಮಿನಿಯಂ ಗೂಟ, 15 ಸೆಂ.ಮೀ.ಗಿಂತ ಉದ್ದದ್ದು, ನಾಲ್ಕು ಮೂಲೆಗೆ ಇರಲಿ. ಒಂದೊಂದು 10ರಿಂದ 15 ಗ್ರಾಂ ತೂಗುತ್ತೆ. ನಮ್ಮ ಕೆಂಪುಮಣ್ಣು ಬೇಸಿಗೆಯಲ್ಲಿ ಕಲ್ಲಾಗಿರುತ್ತೆ, ಅಲ್ಲಿ ಇದೇ ಗೂಟಕ್ಕೆ ಕಲ್ಲಿಂದ ಹೊಡೆದರೆ ತಲೆ ಚಪ್ಪಟೆ. ಅಲ್ಲಿಗೆ ಆ ಸಣ್ಣ ಕಡ್ಡಿಗೂಟಗಳೇ ವಾಸಿ. ಎರಡನ್ನೂ ಇಟ್ಟುಕೊಂಡು ಹೋಗುವ ಜಾಗಕ್ಕೆ ತಕ್ಕಂತೆ ಬದಲಿಸಿ. ಬಂಡೆಯ ಮೇಲಾದರೆ ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತಿ ಕಟ್ಟೋದೇ.

ಹೆಸರು ಹೇಳಿ ಅಂತ ಕೇಳಿದ್ದೀರಿ. ಬಿಗ್ ಆಗ್ನೆಸ್ ಕಂಪನಿಯ ಕಾಪರ್ ಸ್ಪರ್ ಎಚ್‌ವಿ ಯುಎಲ್2 ಪ್ಯಾಕ್ ಮಾಡಿದರೆ 1.4 ಕೆ.ಜಿ. ಆಸುಪಾಸು. ಎರಡು ಬಾಗಿಲು, 224 ಸೆಂ.ಮೀ. ಉದ್ದ, ಗೂಟ ಇಲ್ಲದೆಯೂ ನಿಲ್ಲುತ್ತೆ. ಕಾಲ ಕಡೆ 107 ಮಾತ್ರ, ಹಾಗಾಗಿ ಅಗಲದ ಮ್ಯಾಟ್ ಬೇಡ, ಮತ್ತೆ ಒಳಟೆಂಟ್ ಮೊದಲು ಹಾಕುವ ಬಗೆ. ಎರಡು ಕಡೆಯ ಉಪಯೋಗಕ್ಕೆ ನಾನು ಮೊದಲು ನೋಡೋದು ಇದನ್ನೇ. ಬೆಲೆ ಜಾಸ್ತಿ, ಇಲ್ಲಿಗೆ ತರಿಸಿದರೆ ಸುಂಕ ಬೇರೆ. ಅಣ್ಣ ಅಲ್ಲೇ ಇದ್ದಾರಲ್ಲ, ಅಲ್ಲಿ ಕೊಂಡು ಓಟ ಮುಗಿಸಿ ನೀವು ಬರುವಾಗ ತನ್ನಿ. ಟೆರ್ರಾ ನೋವಾ ಇಂಗ್ಲೆಂಡಿನದೇ ಕಂಪನಿ, ಅವರ ಲೇಸರ್ ಸಾಲಿನ ಒಂದೇ ಕಮಾನಿನ ಟೆಂಟುಗಳು ಇಂಥ ಓಟಗಳಲ್ಲಿ ಬಹಳ ಕಾಣುತ್ತವೆ, ಮಳೆಯಲ್ಲಿ ಹಾಕೋಕೆ ಸುಲಭ. ಆದರೆ ನಿಮ್ಮ ಎತ್ತರಕ್ಕೆ ಒಳಗೆ ಮಲಗಿ ನೋಡದೆ ದುಡ್ಡು ಕೊಡಬೇಡಿ. ಖರ್ಚು ಕಮ್ಮಿ ಆಗಬೇಕು ಅಂದರೆ ನೇಚರ್‌ಹೈಕ್‌ನ ಕ್ಲೌಡ್ ಅಪ್ 2, 20 ಡೀನಿಯರ್‌ನದ್ದು. ತಳ 210 ಉದ್ದ, 125 ಅಗಲ, ಬಾಗಿಲು ಒಂದೇ, ತೂಕ ಒಂದೂವರೆಯಿಂದ ಎರಡು ಕೆ.ಜಿ. ನಡುವೆ. ನಿಮಗೆ ಬಿಗಿ, ನಿಮ್ಮ ಮನೆಯವರಿಗೆ ಆರಾಮ. ಡೆಕಾಥ್ಲಾನ್‌ನ ಎಂಎಚ್100 ಥರದ್ದು ಕಾರಲ್ಲಿ ಹೋಗಿ ಹಾಕೋಕೆ ಚೆನ್ನ, ಬೆನ್ನ ಮೇಲೆ ಹೊತ್ತು ಓಡೋಕಲ್ಲ.

ಒಂದು ಕೆ.ಜಿ. ಹಟ ಅಣ್ಣ ಬಿಡದೇ ಇದ್ದರೆ, ಲೀಡ್ಸ್ ಸುತ್ತ ಬೆಟ್ಟದ ಓಟದ ಕ್ಲಬ್‌ಗಳಿವೆ, ಆ ಒಂದು ರಾತ್ರಿಗೆ ಯಾರದ್ದಾದರೂ ಹಗುರದ ಟೆಂಟ್ ಎರವಲು ತರಲಿ. ನೀವು ಇಲ್ಲಿನ ಉಪಯೋಗಕ್ಕೆ ತಕ್ಕದ್ದನ್ನು ತಗೊಳ್ಳಿ. ಯಾವುದೇ ಆಗಲಿ, ಹೆಸರು ಕೊಡುವ ಮುಂಚೆ ಓಟದವರು ಕೊಡುವ ಆ ವರ್ಷದ ಸಾಮಾನಿನ ಪಟ್ಟಿ ಪೂರ್ತಿ ಓದಿ.

ಊರಲ್ಲಿ ಬಳಸೋದರ ಬಗ್ಗೆ ಒಂದು ಮಾತು. ಕುಮಾರಪರ್ವತ, ತಡಿಯಂಡಮೋಳ್ ಥರದ ಕಾಡಿನ ಬೆಟ್ಟಗಳಲ್ಲಿ ಮನಸ್ಸಿಗೆ ಬಂದ ಕಡೆ ಟೆಂಟ್ ಹಾಕುವ ಹಾಗಿಲ್ಲ, ಅರಣ್ಯ ಇಲಾಖೆಯ ಅನುಮತಿ ಕೇಳಿಯೇ ಹೋಗಿ. ಹಿಮಾಲಯಕ್ಕೆ ಹೋಗುವ ಯೋಚನೆ ಇದ್ದರೆ, ಉತ್ತರಾಖಂಡದ ಬುಗ್ಯಾಲ್ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ಅಲ್ಲಿನ ಹೈಕೋರ್ಟ್ 2018ರಲ್ಲೇ ನಿಷೇಧಿಸಿದೆ. ಹೊಲ, ತೋಟ, ಹಿನ್ನೀರಿನ ಹತ್ತಿರದ ಖಾಸಗಿ ಜಾಗ ಆದರೆ ಜಮೀನಿನವರನ್ನು ಒಂದು ಮಾತು ಕೇಳಿದರೆ ಆಯಿತು.

ಒಳಗೆ ಅಡುಗೆ ಬೇಡವೇ ಬೇಡ. ಬಟ್ಟೆಗೆ ಬೆಂಕಿ ಹತ್ತೋದು ಒಂದು ಭಯ, ಅದಕ್ಕಿಂತ ದೊಡ್ಡದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆ ಇಲ್ಲ, ತಲೆ ಭಾರವಾಗಿ ನಿದ್ದೆ ಬಂದ ಹಾಗಾಗುತ್ತೆ, ಸುಸ್ತಾದವರಿಗೆ ಅನುಮಾನವೂ ಬರಲ್ಲ. ಮಳೆ ಜೋರಿದ್ದರೆ ಹೊರಗಿನ ಜಗುಲಿಯಲ್ಲಿ, ಹೊರಬಾಗಿಲು ಪೂರ್ತಿ ತೆರೆದು, ಸ್ಟೌ ಗಟ್ಟಿ ನೆಲದ ಮೇಲಿಟ್ಟು ನೀರು ಕಾಯಿಸಿ. ಕಾಯಿಸಿದ ನೀರು ಪೊಟ್ಟಣಕ್ಕೆ ಹಾಕಿ ಬಾಯಿ ಮುಚ್ಚಿಟ್ಟರೆ ಊಟ ತಾನೇ ಬೇಯುತ್ತೆ. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡಲ್ಲ, ಅಲ್ಲೇ ಕೊಳ್ಳಿ. ಗೂಟ ಮತ್ತು ಕಡ್ಡಿ ಕೈಚೀಲದಲ್ಲಿ ಬೇಡ, ಚೆಕ್ ಇನ್ ಬ್ಯಾಗಿಗೆ ಹಾಕಿ.

ವಾಪಸ್ ಬಂದ ದಿನವೇ ಟೆಂಟ್ ಬಿಚ್ಚಿ ನೆರಳಲ್ಲಿ ಒಣಗಿಸಿ. ಒದ್ದೆಯಲ್ಲೇ ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತೆ, ಪಾಲಿಯುರೆಥೇನ್ ಲೇಪನ ಇರುವ ತಳ ನಮ್ಮ ಮಳೆಗಾಲದ ತೇವಕ್ಕೆ ವರ್ಷಗಳಲ್ಲಿ ಅಂಟಂಟಾಗಿ ಹುಳಿ ವಾಸನೆ ಬರುತ್ತೆ, ಅದಕ್ಕೆ ರಿಪೇರಿ ಇಲ್ಲ. ಅದರ ಬಿಗಿ ಚೀಲದಲ್ಲಿ ತುರುಕಿಡಬೇಡಿ, ಹಳೆ ಕಾಟನ್ ದಿಂಬಿನ ಕವರ್‌ನಲ್ಲಿ ಸಡಿಲವಾಗಿ ಹಾಕಿ ಬೀರುವಿನ ಮೇಲಿಡಿ.